ಸಿಗಾರು ಇಟ್ಟ ಹಗೇವು

ನಾನು ನಿಂತಿದ್ದು ಹಗೇವಿನ ಬಾಯಿಯ ಪಡುವಣ ಮಗ್ಗುಲಿಗೆ, ಸರಿಸಿಟ್ಟ ಚಪ್ಪಡಿಕಲ್ಲಿನ ಪಕ್ಕದಲ್ಲಿ. ಬೆನ್ನ ಹಿಂದೆ ಮನೆಯ ಕಟ್ಟೆ, ಎದುರಿಗೆ ಬೀದಿ. ಎರಡು ಸಾವಿರದ ಆರನೆಯ ಇಸವಿ, ಶ್ರಾವಣ ಮುಗಿದ ಮರುದಿನ. ಬೆಳಗಿನ ನಾಷ್ಟಾ ಆಗಿತ್ತು, ಬಿಸಿಲು ಇನ್ನೂ ಬೇವಿನ ಮರ ದಾಟಿ ಅಂಗಳಕ್ಕೆ ಇಳಿದಿರಲಿಲ್ಲ. ಊರು ಸಿಂದಗಿ ತಾಲೂಕಿನದು, ಮೋರಟಗಿಯಿಂದ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರ. ನನ್ನ ಕೈಯಲ್ಲಿ ಹಗ್ಗದ ಒಂದು ತುದಿ ಇತ್ತು. ಇನ್ನೊಂದು ತುದಿ ಹಿಡಿದುಕೊಂಡು ನನ್ನ ಕಾಕಾ, ಎಂದರೆ ತಂದೆಯ ತಮ್ಮ, ಹಗೇವಿನೊಳಗೆ ಇಳಿದರು. ಜೀವಂತವಾಗಿ ಮೇಲೆ ಬರಲಿಲ್ಲ.

ಆ ಸಾವಿನ ಬಗ್ಗೆ ಈಗ ಎರಡು ಕಥೆಗಳು ತಿರುಗಾಡುತ್ತಿವೆ. ಒಂದು, ಒಳಗಿದ್ದ ಮಷಿನ್ನು ಶಾಕ್ ಹೊಡೆಯಿತು ಎನ್ನುವುದು. ಅದರಿಂದ ಯಾರಿಗೂ ಕೆಡುಕಿಲ್ಲ, ಹೋಗಲಿ. ಎರಡನೆಯದು ನನ್ನ ಚಿಗವ್ವನ, ಎಂದರೆ ಕಾಕಾನ ಹೆಂಡತಿಯ, ಮೇಲಿನದು. ಗಂಡ ಹಗೇವಿನಲ್ಲಿ ಒದ್ದಾಡುತ್ತಿದ್ದಾಗ, ಉಳಿಸಲು ಇಳಿಯುತ್ತಿದ್ದ ಮನುಷ್ಯನನ್ನು ಆಕೆ ಹಿಡಿದು ನಿಲ್ಲಿಸಿದಳು ಎಂಬ ಕಥೆ. ಅದು ಊರು ದಾಟಿ ಇಂಡಿ ತಾಲೂಕಿನವರೆಗೆ ಹೋಗಿದೆ. ಇಂಡಿಯಲ್ಲಿ ಅವರ ಒಬ್ಬಳೇ ಮಗಳು ಇದ್ದಾಳೆ, ನಿಂಬೆ ತೋಟದವರ ಮನೆಗೆ ಕೊಟ್ಟದ್ದು. ಆ ಕಥೆ ಕಿವಿಗೆ ಬಿದ್ದ ಮೇಲೆ ಆಕೆ ತಾಯಿಯ ಜೊತೆ ಮಾತಾಡಿಲ್ಲ. ನಾನು ಇದನ್ನು ಬರೆಯುತ್ತಿರುವುದು ಅದಕ್ಕಾಗಿ. ಕಂಡದ್ದನ್ನು ಕಂಡೆ ಎಂದು ಬರೆಯುತ್ತೇನೆ, ಕೇಳಿದ್ದನ್ನು ಕೇಳಿದೆ ಎಂದು.

ಹಗೇವು ನೋಡದವರಿಗೆ ಮೊದಲು ಅದನ್ನು ಹೇಳಬೇಕು. ಜೋಳ ವರ್ಷಗಟ್ಟಲೆ ಕೆಡದಂತೆ ಇಡಲು ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಕಿರಿದು, ಒಬ್ಬ ಆಳು ಮೈ ಹಿಂಡಿಕೊಂಡು ಇಳಿಯುವಷ್ಟು. ಒಳಗೆ ಹೊಟ್ಟೆ ಅಗಲ, ಕೊಡದ ಹಾಗೆ. ತಳಕ್ಕೂ ಗೋಡೆಗೂ ಹೊಟ್ಟು ಒತ್ತಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಸುತ್ತ ಮಣ್ಣು ಮೆತ್ತುತ್ತಾರೆ. ತೆಗೆಯುವ ದಿನ ಕಲ್ಲು ಸರಿಸಿ ಒಂದು ಹೊತ್ತು ಹಾಗೇ ಬಿಡುತ್ತಾರೆ. ಆಮೇಲೆ ದೀಪ ಇಳಿಬಿಟ್ಟು ನೋಡುತ್ತಾರೆ. ದೀಪ ಉರಿದರೆ ಆಳು ಇಳಿಯಬಹುದು, ಆರಿದರೆ ಒಳಗೆ ಕೆಟ್ಟ ಗಾಳಿ ಇದೆ. ನಮ್ಮ ಕಡೆ ಇದನ್ನು ಯಾರೂ ಕೂಡಿಸಿ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಕಾಕಾ ಸಣ್ಣವರಿದ್ದಾಗ ತಾವೇ ಹಗೇವಿಗೆ ಇಳಿದು ಜೋಳ ತುಂಬಿ ಮೇಲೆ ಕೊಟ್ಟವರು. ಅವರಿಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ.

ಕಾಕಾ ಇಂಜಿನಿಯರ್ ಆಗಿದ್ದರು. ಕೃಷ್ಣೆಗೆ ಅಣೆಕಟ್ಟು ಕಟ್ಟುವಾಗ ಹಿನ್ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಅಳೆದು ಗುರುತು ಹಾಕುವ ಕೆಲಸ ಅವರದು. ಹಳೆಯ ಕೊಲ್ಹಾರದಲ್ಲಿ ಒಂದು ಮನೆಯ ಗೋಡೆಗೆ ಗುರುತು ಬಳಿಯಲು ಹೋದಾಗ ಆ ಮನೆಯ ಯಜಮಾನರು, ಪ್ರಾಥಮಿಕ ಶಾಲೆಯ ಮಾಸ್ತರರು, ಅವರನ್ನು ಒಳಗೆ ಕರೆದು ಚಹಾ ಕೊಟ್ಟರಂತೆ. ಗೆಳೆತನ ಅಲ್ಲಿಂದ ಶುರುವಾಯಿತು. ಊರು ಮುಳುಗಿದ ಮೇಲೆ ಮಾಸ್ತರರು ಸಿಂದಗಿಯಲ್ಲಿದ್ದ ಮಗಳ ಮನೆಗೆ ಬಂದರು, ಕಾಕಾ ನಿವೃತ್ತಿಯಾಗಿ ಊರಿಗೆ ಬಂದರು. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಮಾಸ್ತರರು ಬರುತ್ತಿದ್ದರು. ಊಟವಾದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಒಂದೊಂದು ಸಿಗಾರು ಸೇದುತ್ತಿದ್ದರು. ವಾರಕ್ಕೆ ಅದೊಂದೇ. ಈ ಚಟ ಕಾಕಾಗೆ ಅಣೆಕಟ್ಟಿನ ಕೆಲಸದಲ್ಲಿದ್ದಾಗ ಒಬ್ಬ ಮೇಲಧಿಕಾರಿಯಿಂದ ಅಂಟಿದ್ದು. ಪುಣೆಯ ಒಂದು ಅಂಗಡಿಯಿಂದ ಕಟ್ಟಿಗೆಯ ಡಬ್ಬಿಯಲ್ಲಿ ತರಿಸುತ್ತಿದ್ದರು. ಊರಿನವರು ಅದನ್ನು ದಪ್ಪ ಬೀಡಿ ಎನ್ನುತ್ತಿದ್ದರು.

ಸಿಗಾರಿಗೆ ನಮ್ಮ ಹವೆ ಒಗ್ಗುವುದಿಲ್ಲ. ಅದಕ್ಕೆ ಒಂದು ಹದದ ತೇವ ಬೇಕು. ಬೇಸಿಗೆಯ ನಮ್ಮ ಒಣ ಗಾಳಿಯಲ್ಲಿ ಅದರ ಮೇಲಿನ ಎಲೆ ಕಡಕ್ ರೊಟ್ಟಿಯ ಹಾಗೆ ಒಡೆಯುತ್ತದೆ. ಅಂಥದನ್ನು ಹೊತ್ತಿಸಿದರೆ ಹೊಗೆ ಗಂಟಲು ಕೆರೆಯುತ್ತದೆ. ತೇವ ಹೆಚ್ಚಾದರೆ ಬಿಳಿ ಬೂಸ್ಟು ಬರುತ್ತದೆ. ಕಾಕಾ ಏನೇನು ಮಾಡಿದರು ಎಂಬುದನ್ನು ನಾನು ರಜೆಗೆ ಹೋದಾಗಲೆಲ್ಲ ನೋಡಿದ್ದೇನೆ. ಒದ್ದೆ ಅರಿವೆ ಸುತ್ತಿದ ಸ್ಟೀಲ್ ಡಬ್ಬಿ, ಮಣ್ಣಿನ ಹರವಿ, ಹರವಿಯ ಸುತ್ತ ಮರಳು. ಒಮ್ಮೆ ಒಡೆಯುವುದು, ಒಮ್ಮೆ ಬೂಸ್ಟು ಹಿಡಿಯುವುದು. ಬೂಸ್ಟು ಹಿಡಿದವನ್ನು ಮೆತ್ತಗಿನ ಬ್ರಶ್ಶಿನಿಂದ ಒಂದೊಂದಾಗಿ ಒರೆಸುತ್ತ ಕೂರುತ್ತಿದ್ದರು.

"ಕೂಸಿನ ಮೈ ಒರಸಿದಂಗ ಒರಸ್ತಾರ ನೋಡ," ಎಂದು ಚಿಗವ್ವ ನನಗೆ ಹೇಳುತ್ತಿದ್ದಳು. "ಹೆತ್ತ ಮಗಳ ಮೈ ಒಂದಿನ ಒರಸಲಿಲ್ಲ ಪುಣ್ಯಾತ್ಮ."

ಎರಡು ಸಾವಿರದ ನಾಲ್ಕರ ಸುಮಾರಿಗೆ ಕಾಕಾ ಕಣ್ಣಿನ ಆಪರೇಷನ್ನಿಗೆ ಪುಣೆಗೆ ಹೋದವರು ಬರುವಾಗ ಒಂದು ವೈರ್‌ಲೆಸ್ ಹೈಗ್ರೋಮೀಟರ್ ತಂದರು. ಗಾಳಿಯ ತೇವ ಅಳೆಯುವ ಯಂತ್ರ. ಎರಡು ತುಂಡು. ಒಂದು ಸೋಪಿನ ಗಾತ್ರದ ಬಿಳಿ ಸೆನ್ಸರ್, ಒಳಗೆ ಎರಡು ಪೆನ್ಸಿಲ್ ಸೆಲ್ಲು. ಅದನ್ನು ಸಿಗಾರಿನ ಹತ್ತಿರ ಇಡಬೇಕು. ಇನ್ನೊಂದು ಮೇಜಿನ ಗಡಿಯಾರದಂಥ ಪರದೆ, ಅದು ಮನೆಯೊಳಗೆ ಎಲ್ಲಿದ್ದರೂ ನಡೆಯುತ್ತದೆ. ಪರದೆಯಲ್ಲಿ ಮೇಲೆ ಒಂದು ಅಂಕಿ, ಕೆಳಗೆ ಒಂದು. ಮೇಲಿನದು ಕಾವು, ಕೆಳಗಿನದು ತೇವ. ಕೆಳಗಿನ ಅಂಕಿ ಅರವತ್ತೈದರಿಂದ ಎಪ್ಪತ್ತರೊಳಗೆ ಇರಬೇಕು ಎಂದು ಕಾಕಾ ನನಗೆ ಕಲಿಸಿದರು. ಪರದೆಯನ್ನು ಪಡಸಾಲೆಯ ಗೂಡಿನಲ್ಲಿ ಇಟ್ಟರು.

ಮಾಸ್ತರರು ಮೊದಲ ಸಲ ಅದನ್ನು ನೋಡಿದಾಗ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. "ಊರಿಗೂರು ನೀರಾಗ ಮುಳುಗಿಸಿದ ಮನಷ್ಯಾ," ಎಂದರು, "ಈಗ ನಾಕು ಬೀಡಿ ಒದ್ದಿ ಮಾಡಾಕ ಮಷಿನ್ ಹಿಡಕೊಂಡು ಕುಂತಾನ."

"ನಿಮ್ಮ ಮನಿ ಮುಳುಗಿದ್ದು ನನ್ನ ಗುರುತಿನ್ಕಿಂತ ಒಂದು ಗೇಣು ಮ್ಯಾಲ, ಮಾಸ್ತರ," ಕಾಕಾ ಅಂದರು. "ಅದು ನನ್ನ ತಪ್ಪಲ್ಲ, ನದೀದು."

ಸೆನ್ಸರನ್ನು ಕಾಕಾ ಮನೆಯ ಒಂದೊಂದೇ ಕೋಣೆಯಲ್ಲಿ ಇಟ್ಟು ನೋಡಿದರು. ಎಲ್ಲಕ್ಕಿಂತ ತಂಪಾಗಿ, ಹದವಾಗಿ ಇದ್ದದ್ದು ದೇವರ ಕೋಣೆ. ಅಡುಗೆಮನೆಯ ಬಾಗಿಲಿಗೆ ಹೋಗಿ ಅದನ್ನು ಹೇಳಿದರು. ನಾನು ಒಳಗೆ ಊಟಕ್ಕೆ ಕೂತಿದ್ದೆ.

"ಲಿಂಗಪೂಜಾ ಮಾಡೂ ಖೋಲ್ಯಾಗ ತಂಬಾಕ ಇಡ್ತೇನಂತೀರಿ? ತಲಿ ನೆಟ್ಟಗೈತೇನ್ರಿ ನಿಮ್ಮದು?" ಎಂದಳು ಚಿಗವ್ವ.

"ಮತ್ತ ಎಲ್ಲಿಡ್ಲಿ? ನೀನ ಹೇಳು."

"ಹಗೇವು ಖಾಲಿ ಬಿದ್ದೈತಿ, ಅಲ್ಲಿಡ್ರಿ. ಒಂದಿನ ನಿಮ್ಮನ್ನೂ ಅಲ್ಲೇ ಇಳಿಸಿ ಕಲ್ಲು ಎಳೀತೇನಿ. ಇಬ್ರೂ ತಣ್ಣಗ ಇರ್ರಿ."

ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದ ನೆರೆಮನೆಯ ಹೆಣ್ಣುಮಗಳಿಗೂ ಇದು ಕೇಳಿಸಿತು. ಆಕೆ ಜೋರಾಗಿ ನಕ್ಕಳು. ಕಾಕಾನೂ ನಕ್ಕರು. ಈ ಮಾತನ್ನು ನಾನು ಮುಚ್ಚಿಡಬಹುದಿತ್ತು. ಆದರೆ ಊರಿನಲ್ಲಿ ಈಗ ಇದನ್ನೇ ಮೊದಲು ಹೇಳುತ್ತಾರೆ, ನಗೆಯನ್ನು ಬಿಟ್ಟು ಹೇಳುತ್ತಾರೆ. ಅದಕ್ಕೆ ಬರೆದಿದ್ದೇನೆ. ಅದು ಮೂವತ್ತು ವರ್ಷ ಕೂಡಿ ಬಾಳಿದವರು ಊಟದ ಹೊತ್ತಿನಲ್ಲಿ ಆಡುವ ಮಾತು.

ಚಿಗವ್ವ ಚೇಷ್ಟೆಗೆ ಅಂದದ್ದನ್ನು ಕಾಕಾ ಖರೆ ಹಿಡಿದರು. ಹಗೇವಿನಲ್ಲಿ ಜೋಳ ಇಡುವುದನ್ನು ನಮ್ಮ ಮನೆಯಲ್ಲಿ ಬಿಟ್ಟು ಬಹಳ ವರ್ಷವಾಗಿತ್ತು, ಚೀಲ ಬಂದಿದ್ದವು. ಕಾಕಾ ಸೆನ್ಸರನ್ನು ದಾರಕ್ಕೆ ಕಟ್ಟಿ ಹಗೇವಿನೊಳಗೆ ಇಳಿಬಿಟ್ಟು ಕಲ್ಲು ಎಳೆಸಿದರು. ಮರುದಿನ ಪರದೆಯ ಮೇಲೆ ಅರವತ್ತೆಂಟು ಇತ್ತು. ಅವರು ಪರದೆಯನ್ನು ಕೈಯಲ್ಲಿ ಹಿಡಿದು ಬೀದಿಗೆ ಬಂದು ಕಂಡವರಿಗೆಲ್ಲ ತೋರಿಸಿದರು. "ಬೀಡಿಗೂ ಜ್ವರ ನೋಡ್ತೀರೇನ್ರಿ ಸಾಹೇಬ್ರ?" ಎಂದು ನೆರೆಮನೆಯ ರೈತ ಕೇಳಿದ. ಮಾಳಿಗೆಯ ಮೇಲೆ ನಕ್ಕವಳ ಗಂಡ ಅವನು. ಆಮೇಲೆ ಕಲ್ಲು ಸರಿಸುವ ಕೆಲಸಕ್ಕೆ ಕಾಕಾ ಯಾವಾಗಲೂ ಅವನನ್ನೇ ಕರೆಯುತ್ತಿದ್ದರು.

ವ್ಯವಸ್ಥೆ ಹೀಗಿತ್ತು. ಹಗೇವಿನ ಬಾಯಿಗೆ ಅಡ್ಡ ಒಂದು ಗಳ, ಗಳಕ್ಕೆ ಹಗ್ಗ, ಹಗ್ಗಕ್ಕೆ ಬುಟ್ಟಿ, ಬುಟ್ಟಿಯಲ್ಲಿ ಸಿಗಾರಿನ ಡಬ್ಬಿ. ಸೆನ್ಸರನ್ನು ಬುಟ್ಟಿಯ ಹೊರಮೈಗೆ ದಾರದಿಂದ ಕಟ್ಟಿದ್ದರು. ಬೇಕಾದಾಗ ಕಲ್ಲು ಸರಿಸಿ ಬುಟ್ಟಿ ಎಳೆದುಕೊಂಡರೆ ಆಯಿತು, ಯಾರೂ ಒಳಗೆ ಇಳಿಯಬೇಕಾಗಿರಲಿಲ್ಲ. ಹಗ್ಗ ಹರಿದರೂ ಡಬ್ಬಿ ಒಡೆಯಬಾರದು ಎಂದು ತಳಕ್ಕೆ ಮೊಣಕಾಲುದ್ದ ಹೊಟ್ಟು ಹಾಕಿಸಿದ್ದರು. ಎರಡು ವರ್ಷ ಇದು ಚೆನ್ನಾಗಿ ನಡೆಯಿತು. ಭಾನುವಾರಕ್ಕೊಮ್ಮೆ ಕಲ್ಲು ಸರಿಯುತ್ತಿತ್ತು, ಗಾಳಿ ಆಡುತ್ತಿತ್ತು. ನಾವು ಅದನ್ನು ಹಗೇವು ಎನ್ನುವುದನ್ನೂ ಬಿಟ್ಟೆವು. "ಡಬ್ಬಿ ತಗೀರಿ" ಎಂದರೆ ಕಲ್ಲು ಸರಿಸಿರಿ ಎಂದು ಅರ್ಥ. ನೆಲದೊಳಗಿನ ಹಳೆಯ ಕಣಜ ಎಂಬುದು ಮನಸ್ಸಿನಿಂದ ಹೋಗಿತ್ತು.

ಶ್ರಾವಣದಲ್ಲಿ ಮಾತ್ರ ಕಲ್ಲು ಮುಟ್ಟುತ್ತಿರಲಿಲ್ಲ. ಆ ತಿಂಗಳು ಮನೆಯಲ್ಲಿ ತಂಬಾಕು ಕೂಡದು ಎಂದು ಚಿಗವ್ವ ಮಾತು ತೆಗೆದುಕೊಂಡಿದ್ದಳು. ಕಾಕಾ ಅದನ್ನು ಮುರಿದವರಲ್ಲ. ಡಬ್ಬಿ ತೆಗೆಯುವುದಿಲ್ಲ, ಸೇದುವುದಿಲ್ಲ, ಆದರೆ ಪರದೆ ನೋಡುವುದಕ್ಕೆ ಅಡ್ಡಿಯಿಲ್ಲ. ಸಂಜೆ ಊರಿನವರೆಲ್ಲ ಪುರಾಣಕ್ಕೆ ಹೋದರೆ ಇವರು ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಗೂಡಿನ ಮುಂದೆ ನಿಲ್ಲುತ್ತಿದ್ದರು.

ಮೊದಲ ಎರಡು ಶ್ರಾವಣಗಳಲ್ಲಿ ಮಳೆ ಕಡಿಮೆ. ಆ ವರ್ಷ ಚೆನ್ನಾಗಿ ಬಂತು. ನಾನು ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ, ಈಗಲೂ ಅಲ್ಲೇ ಇದ್ದೇನೆ. ಕಾಕಾ ಫೋನ್ ಮಾಡಿದರು.

"ಎಂಬತ್ತು ದಾಟೇತಿ ತಮ್ಮಾ. ಬೂಸ್ಟು ಹಿಡೀತಾವ ಎಲ್ಲಾ."

"ಬರೇ ಕಲ್ಲು ಸರಿಸಿ ಗಾಳಿಗೆ ಬಿಡ್ರಿ ಕಾಕಾ. ಅಷ್ಟಕ್ಕ ವ್ರತ ಕೆಡ್ತೈತೇನ್ರಿ?"

"ನಿಮ್ಮ ಚಿಗವ್ವಗ ಮಾತು ಕೊಟ್ಟೇನಿ. ಕಲ್ಲು ಮುಟ್ಟೂದಿಲ್ಲ ಅಂದೇನಿ, ಮುಟ್ಟೂದಿಲ್ಲ."

ಶ್ರಾವಣದ ಕೊನೆಗೆ ನಾನು ಊರಿಗೆ ಹೋದೆ. ಪರದೆಯನ್ನು ನಾನೂ ನೋಡಿದೆ. ಕೆಳಗಿನ ಅಂಕಿ ಏರಿತ್ತು. ಮೇಲಿನದೂ ಏರಿತ್ತು, ಅದು ನನ್ನ ಕಣ್ಣಿಗೆ ಬಿತ್ತು. ಮಳೆಗಾಲದಲ್ಲಿ ಹೊರಗೆ ತಂಪು, ನೆಲದೊಳಗೆ ಕಾವು ಏಕೆ ಎಂದು ಯಾರೂ ಕೇಳಲಿಲ್ಲ. ನಮಗೆಲ್ಲ ಬೇಕಾಗಿದ್ದದ್ದು ಕೆಳಗಿನ ಅಂಕಿ. ಮಳೆನೀರು ಕಲ್ಲಿನ ಸಂದಿಯಿಂದ ಇಳಿದು ತಳದ ಹೊಟ್ಟು ಕೊಳೆಯುತ್ತಿತ್ತು. ಕೊಳೆಯುವ ಹೊಟ್ಟು ಕಾವು ಕೊಡುತ್ತದೆ, ಉಸಿರಾಡುವ ಗಾಳಿಯನ್ನು ತಿಂದುಹಾಕುತ್ತದೆ. ಇದು ಆಗ ಹೊಳೆದದ್ದಲ್ಲ. ಆಮೇಲೆ ಸಿಂದಗಿಯಲ್ಲಿ ವೈದ್ಯರು ಬಿಡಿಸಿ ಹೇಳಿದ್ದು.

ಆ ದಿನ ಮಾಸ್ತರರು ಮೊದಲ ಬಸ್ಸಿಗೇ ಬಂದರು. ತಿಂಗಳ ಮೇಲೆ ಬಂದ ಖುಷಿಯಲ್ಲಿ ಬೀದಿಯಿಂದಲೇ "ಡಬ್ಬಿ ತಗೀರೋ" ಎಂದರು. ನಾಷ್ಟಾ ಮುಗಿಸಿ ಅಂಗಳಕ್ಕೆ ಬಂದೆವು. ಇದ್ದವರು ಕಾಕಾ, ಮಾಸ್ತರರು, ನೆರೆಮನೆಯ ರೈತ, ನಾನು. ಚಿಗವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಬಡಿಯುವ ಸಪ್ಪಳ ಹೊರಗೆ ಕೇಳುತ್ತಿತ್ತು. ಅಂದರೆ ಕಾಕಾ ಹಗೇವಿಗೆ ಇಳಿಯುವಾಗ ಆಕೆ ಅಲ್ಲಿ ಇರಲಿಲ್ಲ. ಇಳಿಯುತ್ತಾರೆ ಎಂಬುದೂ ಆಕೆಗೆ ಗೊತ್ತಿರಲಿಲ್ಲ. ಬುಟ್ಟಿ ಎಳೆಯುವ ಕೆಲಸಕ್ಕೆ ಹೆಣ್ಣುಮಗಳು ಯಾಕೆ ಹೊರಗೆ ಬರಬೇಕು?

ರೈತನೂ ನಾನೂ ಕೂಡಿ ಕಲ್ಲು ಸರಿಸಿದೆವು. ಹುಳಿ ವಾಸನೆ ಬಂತು. ಸಿಗಾರು ಕೆಟ್ಟಿರಬೇಕು ಎಂದು ಕಾಕಾ ಮುಖ ಸಣ್ಣ ಮಾಡಿದರು. ಬುಟ್ಟಿ ಎಳೆದರು. ಹಗೇವಿನ ಕೊರಳಿನ ಹತ್ತಿರ ಅದು ಗೋಡೆಗೆ ತಾಗಿತು. ತೇವಕ್ಕೆ ಸವೆದಿದ್ದ ದಾರ ಹರಿದು ಸೆನ್ಸರ್ ಕೆಳಗೆ ಬಿತ್ತು. ಬಿದ್ದ ಸಪ್ಪಳ ಬರಲಿಲ್ಲ, ತಳ ಮೆತ್ತಗಿತ್ತು. ಡಬ್ಬಿ ತೆರೆದರೆ ಒಂದೆರಡಕ್ಕೆ ಮಾತ್ರ ಬಿಳಿ ಹಿಡಿದಿತ್ತು. ಉಳಿದವು ಚೆನ್ನಾಗಿದ್ದವು.

"ಎಲ್ಲಾರೂ ಪಾಸು, ಸಾಹೇಬ್ರ," ಎಂದರು ಮಾಸ್ತರರು. "ಇಬ್ಬರಿಗಷ್ಟ ಗ್ರೇಸ್ ಮಾರ್ಕ್ಸು."

ಕಾಕಾ ನನ್ನನ್ನು ಒಳಗೆ ಕಳಿಸಿದರು, ಪರದೆಯಲ್ಲಿ ಅಂಕಿ ಬರುತ್ತಿದೆಯೇ ನೋಡು ಎಂದು. ಬರುತ್ತಿತ್ತು. ಬಂದು ಹೇಳಿದೆ.

"ಹಂಗಾರ ಜೀವ ಐತಿ ಅದಕ್ಕ. ತಗೊಂಬರ್ತೇನಿ."

"ಗಳಕ್ಕ ಕೊಕ್ಕಿ ಕಟ್ಟಿದ್ರ ಬರೂದಿಲ್ಲೇನ್ರಿ?" ರೈತ ಕೇಳಿದ. "ಇಲ್ಲಂದ್ರ ನಾ ಇಳೀತೇನಿ ತಗೋರಿ."

"ಹೊಟ್ಟಿನಾಗ ಹುದುಗೇತಿ, ಕೊಕ್ಕಿಗೆ ಸಿಗೂದಿಲ್ಲ. ನೀ ಇಳದ್ರ ಅದನ್ನ ತುಳದು ಪುಡಿ ಮಾಡ್ತಿ. ಹಗ್ಗ ಹಿಡೀ ತಮ್ಮಾ."

ಕೊನೆಯ ಮಾತು ನನಗೆ. ದೀಪ ಇಳಿಸಬೇಕು ಎಂದು ನಾಲ್ವರಲ್ಲಿ ಯಾರೂ ಅನ್ನಲಿಲ್ಲ. ಒಳಗೆ ಜೋಳ ಇಲ್ಲ, ಜೋಳ ತೆಗೆಯುತ್ತಿಲ್ಲ. ಹಗೇವು ತೆಗೆಯುವ ದಿನದ ಯಾವ ಲಕ್ಷಣವೂ ಅಲ್ಲಿರಲಿಲ್ಲ.

ಕಾಕಾ ಚಪ್ಪಲಿ ಬಿಟ್ಟು, ಧೋತರ ಮೇಲೆ ಕಟ್ಟಿ, ಕೊರಳಿನ ಮೆಟ್ಟಿಲಗುಳಿಗೆ ಕಾಲಿಟ್ಟು ಇಳಿದರು. ನಾನು ಬಗ್ಗಿ ನೋಡುತ್ತಿದ್ದೆ. ಕಾಲು ತಳ ಮುಟ್ಟಿದಾಗ ಮೊಣಕಾಲವರೆಗೆ ಹೊಟ್ಟಿನಲ್ಲಿ ಇಳಿದವು. "ಬೆಚ್ಚಗೈತೆಲ್ಲೊ," ಎಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ಆಮೇಲೆ ಬಗ್ಗಿದರು. ಬಗ್ಗಿದವರು ಕೂತರು. ಹುಡುಕುತ್ತಿದ್ದಾರೆ ಎಂದುಕೊಂಡೆ. ತಲೆ ಗೋಡೆಗೆ ಆನಿತು, ಹಗ್ಗ ಸಡಿಲಾಯಿತು. ಅವರು ಒದ್ದಾಡಲಿಲ್ಲ. ಕೂಗಲಿಲ್ಲ. ನಿದ್ದೆ ಬಂದವರ ಹಾಗೆ ಇತ್ತು.

ಮಾಸ್ತರರು ನನ್ನ ಎದುರು ದಿಕ್ಕಿನಲ್ಲಿದ್ದರು. "ಸಾಹೇಬ್ರ," ಎಂದರು. ಇನ್ನೊಮ್ಮೆ ಕೂಗಿದರು. ಆಮೇಲೆ ಕಿರುಚಿ, ಟೊಪ್ಪಿಗೆ ತೆಗೆದೆಸೆದು, ನೆಲಕ್ಕೆ ಕೂತು ಎರಡೂ ಕಾಲು ಹಗೇವಿನೊಳಗೆ ಬಿಟ್ಟರು. ರೊಟ್ಟಿಯ ಸಪ್ಪಳ ನಿಂತಿತು. ಚಿಗವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಒಳಗೆ ಒಮ್ಮೆ ನೋಡಿದಳು. ಹಿಂದಿನಿಂದ ಮಾಸ್ತರರ ಸೊಂಟಕ್ಕೆ ಎರಡೂ ಕೈ ಹಾಕಿ, ತಾನೂ ನೆಲಕ್ಕೆ ಕೂತು, ಹಿಂದಕ್ಕೆ ಎಳೆದಳು.

"ಬಿಡವಾ ತಂಗಿ! ನನ್ನ ಗೆಳೆಯ ಅದಾನ ಒಳಗ!"

"ನನ್ನ ಗಂಡ ಅದಾನ್ರೀ ಒಳಗ!" ಎಂದಳು ಚಿಗವ್ವ. "ದೀಪ ಇಳಸ್ರಿ ಮೊದಲ! ಯಾರೂ ಇಳೀಬ್ಯಾಡ್ರಿ! ದೀಪ!"

ಈ ಮಾತುಗಳನ್ನು ನಾನು ಒಂದಕ್ಷರವೂ ಕೂಡಿಸದೆ, ಕಳೆಯದೆ ಬರೆದಿದ್ದೇನೆ. ಇವು ಮುಗಿಯುವುದಕ್ಕೆ ಮೊದಲೇ ನಾನು ಪಡಸಾಲೆಗೆ ಓಡಿದ್ದೆ. ಕಂದೀಲು ಹಚ್ಚಿ ತಂದೆ. ಗೂಡಿನಲ್ಲಿ ಆ ಪರದೆ ಅಂಕಿ ತೋರಿಸುತ್ತಲೇ ಇತ್ತು. ರೈತ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಕೊರಳು ದಾಟಿ ಸ್ವಲ್ಪ ಇಳಿಯುವಷ್ಟರಲ್ಲಿ ಬೆಂಕಿ ಸಣ್ಣದಾಗಿ ಆರಿತು. ಎಳೆದು, ಮತ್ತೆ ಹಚ್ಚಿ ಇಳಿಸಿದ. ಅಲ್ಲೇ ಆರಿತು. ಮಾಸ್ತರರೂ ಅದನ್ನು ನೋಡಿದರು. ನೋಡಿಯೂ ಬಿಡಿಸಿಕೊಳ್ಳುತ್ತಿದ್ದರು, ಚಿಗವ್ವನ ಕೈಗಳ ಮೇಲೆ ಹೊಡೆಯುತ್ತಿದ್ದರು. ಆಕೆ ಬಿಡಲಿಲ್ಲ. ಅತ್ತದ್ದು ಮಾಸ್ತರರು. ಚಿಗವ್ವ ಅಳಲಿಲ್ಲ, ಇದ್ದಲ್ಲಿಂದಲೇ ಒದರಿ ಹೇಳುತ್ತಿದ್ದಳು. ಕಂಬಳಿ ತೋಯಿಸ್ರಿ, ಇಳಿಬಿಟ್ಟು ಮೇಲೆ ಕೆಳಗೆ ಎಳೀರಿ, ಗಾಳಿ ಆಡಲಿ, ನೀರು ಸುರುವ್ರಿ.

ಹಾಗೆಯೇ ಮಾಡಿದೆವು. ರೈತ ಮತ್ತು ನಾನು ಒದ್ದೆ ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಇಳಿಸುವುದು, ಎಳೆಯುವುದು. ಅವನ ಹೆಂಡತಿ ಮಾಳಿಗೆಯಿಂದ ಇಳಿದು ಬಂದು ಬಾಯಿಯ ಅಂಚಿನಿಂದ ಕೊಡದ ಮೇಲೆ ಕೊಡ ನೀರು ಸುರಿದಳು. ಎಷ್ಟು ಹೊತ್ತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ನನ್ನ ಅಂಗೈ ಸುಲಿದಿತ್ತು, ಅದು ಗೊತ್ತು. ಮತ್ತೆ ಕಂದೀಲು ಇಳಿಸಿದಾಗ ಉರಿ ಸಣ್ಣದಾಯಿತು, ಆರಲಿಲ್ಲ. ಆಗ ರೈತ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಕಾಕಾನ ಕಂಕುಳಿಗೆ ಇನ್ನೊಂದು ಹಗ್ಗ ಹಾಕಿ ಕೂಡಲೇ ಮೇಲೆ ಬಂದು ವಾಂತಿ ಮಾಡಿಕೊಂಡ. ಇಳಿಯಿರಿ ಎಂದು ಅವನಿಗೆ ಹೇಳಿದವಳೂ ಚಿಗವ್ವನೇ, ಉರಿಯುವ ಕಂದೀಲು ನೋಡಿದ ಮೇಲೆ. ಆಗ ಮಾಸ್ತರರ ಸೊಂಟ ಬಿಟ್ಟಳು. ಅವರ ಬಿಳಿ ಅಂಗಿಯ ಮೇಲೆ ಹತ್ತು ಬೆರಳಿನ ಹಿಟ್ಟು ಮೂಡಿತ್ತು.

ಜೀಪಿನಲ್ಲಿ ಸಿಂದಗಿಗೆ ಒಯ್ದೆವು. ದಾರಿಯುದ್ದಕ್ಕೂ ಕಾಕಾನ ತಲೆ ಚಿಗವ್ವನ ತೊಡೆಯ ಮೇಲಿತ್ತು. ಆಕೆ ಕಿವಿಗೆ ಬಾಯಿ ಹತ್ತಿರ ಒಯ್ದು ಏನೋ ಹೇಳುತ್ತಿದ್ದಳು, ಜೀಪಿನ ಸಪ್ಪಳದಲ್ಲಿ ನನಗೆ ಕೇಳಿಸಲಿಲ್ಲ. ವೈದ್ಯರು ನೋಡಿ, ಜೀವ ಒಳಗೇ ಹೋಗಿದೆ ಎಂದರು. ಅಂಥ ಗಾಳಿಯಲ್ಲಿ ಒಂದೆರಡು ಉಸಿರಿಗೇ ಎಚ್ಚರ ತಪ್ಪುತ್ತದೆ ಎಂದರು. ಮಾಸ್ತರರ ಕಡೆ ನೋಡಿ, "ನೀವು ಇಳಿದಿದ್ರೆ ನಾನು ಇವತ್ತು ಎರಡು ಹೆಣ ನೋಡ್ತಿದ್ದೆ," ಎಂದರು. ಮಾಸ್ತರರು ಗೋಡೆಯ ಕಡೆ ತಿರುಗಿ ನಿಂತರು.

ಕಥೆ ಹೇಗೆ ಹುಟ್ಟಿತು ಎಂಬುದು ನನಗೆ ಅರ್ಥವಾಗುತ್ತದೆ. ಮಾಸ್ತರರ ಕೂಗಿಗೆ ಬೀದಿಯವರು ಓಡಿ ಬಂದರು, ಆದರೆ ಹಗೇವಿನ ಹತ್ತಿರಕ್ಕೆ ಬರಲಿಲ್ಲ. ಬೀದಿ ಕಡೆಯ ಬಾಗಿಲ ಕಂಬದ ಬಳಿ ನಿಂತವರಿಗೆ ಕಂಡದ್ದು ಇಷ್ಟೇ. ಒಬ್ಬ ಮುದುಕ ಅಳುತ್ತ ಇಳಿಯಲು ಒದ್ದಾಡುತ್ತಿದ್ದಾನೆ, ಒಬ್ಬ ಹೆಂಗಸು ಅವನನ್ನು ಹಿಡಿದು ನೆಲಕ್ಕೆ ಕೂತಿದ್ದಾಳೆ. ಅವರು ಕಂಡದ್ದು ಸುಳ್ಳಲ್ಲ. ಆರಿದ ದೀಪ ಅವರು ನಿಂತ ಕಡೆಗೆ ಕಾಣುತ್ತಿರಲಿಲ್ಲ. ಆಮೇಲೆ ಯಾರೋ ಹಳೆಯ ಚೇಷ್ಟೆಯ ಮಾತನ್ನು ನೆನಪಿಗೆ ತಂದರು. ಸಿಗಾರಿನ ಮೇಲೆ ಆಕೆಗೆ ಮೊದಲಿಂದ ಸಿಟ್ಟಿತ್ತು ಎಂದರು. ಆಕೆ ಅಳಲಿಲ್ಲವಲ್ಲ ಎಂದರು. ಮೂರೂ ಕೂಡಿದ ಮೇಲೆ ಮತ್ತೆ ಯಾರೂ ಕೇಳುವುದಕ್ಕೆ ಬರಲಿಲ್ಲ.

ವರ್ಷದ ನಂತರ ನಾನು ಚಿಗವ್ವನನ್ನು ಬಾಗೇವಾಡಿಗೆ ನನ್ನ ಮನೆಗೆ ಕರೆತಂದೆ. ಹಗೇವಿಗೆ ರೈತ ಮಣ್ಣು ತುಂಬಿದ. ಆಕೆ ಆ ದಿನದ ಮಾತು ತಾನಾಗಿ ಬಹಳ ವರ್ಷ ಎತ್ತಲಿಲ್ಲ. ಬೆಳಿಗ್ಗೆ ಎದ್ದು ಕೆಲಸ ಮಾಡುತ್ತಾಳೆ, ಮಧ್ಯಾಹ್ನ ಬಾಗಿಲಲ್ಲಿ ಕೂರುತ್ತಾಳೆ. ಇಂಡಿಯ ಬಸ್ಸು ಯಾವ ಹೊತ್ತಿಗೆ ಬರುತ್ತದೆ ಎಂದು ಮಾತ್ರ ಆಗಾಗ ಕೇಳುತ್ತಾಳೆ.

ಹೋದ ಬೇಸಿಗೆಯಲ್ಲಿ ಮುದ್ದೇಬಿಹಾಳದಲ್ಲಿ ನಮ್ಮವರದೊಂದು ಮದುವೆ ಇತ್ತು. ತಾಯಿ, ಮಗಳು ಇಬ್ಬರೂ ಬಂದಿದ್ದರು. ಊಟದ ಪಂಕ್ತಿಯಲ್ಲಿ ಚಿಗವ್ವ ಕೂತದ್ದನ್ನು ನೋಡಿ ಮಗಳು ಎದ್ದು ಬೇರೆ ಸಾಲಿಗೆ ಹೋದಳು. ನಾನು ಅವಳನ್ನು ಕೈತೊಳೆಯುವ ಜಾಗದಲ್ಲಿ ಹಿಡಿದೆ.

"ನಾ ಅಲ್ಲೇ ನಿಂತಿದ್ದೆ ತಂಗಿ. ಹಗ್ಗ ನನ್ನ ಕೈಯಾಗಿತ್ತು."

"ನೀ ಅವ್ವನ ಕೈ ಅಡಗಿ ಉಣ್ಣಾಂವ ಅಣ್ಣಾ. ನೀ ಹಂಗ ಹೇಳ್ತಿ." ಕಣ್ಣು ತುಂಬಿದ್ದವು. "ಅಪ್ಪಾರು ಎಳೀರಿ ಎಳೀರಿ ಅಂತ ಒದರಿದ್ರಂತಲ್ಲ?"

"ಇಲ್ಲವ್ವ. ಬೆಚ್ಚಗೈತಿ ಅಂದ್ರು. ಅಷ್ಟ."

"ಅಷ್ಟೊತ್ತು ಹಿಡಕೊಂಡು ಕುಂತಾಕಿ, ಅದರಾಗ ಒಬ್ಬರನ್ನರ ಇಳಿಸಿದ್ರ..." ಎಂದು ಕೈ ಒರೆಸಿಕೊಳ್ಳುತ್ತ ಹೋದಳು.

ತಿರುಗಿ ಬರುವ ಬಸ್ಸಿನಲ್ಲಿ ಚಿಗವ್ವ ಕಿಟಕಿಯ ಕಡೆ ಕೂತಿದ್ದಳು. ಬಹಳ ದೂರ ಬಂದ ಮೇಲೆ, "ಸೊರಗ್ಯಾಳಲ್ಲ?" ಎಂದಳು. ಹೌದೆಂದೆ.

"ನಾ ಹೇಳಿದ್ರ ನಂಬೂದಿಲ್ಲ ಆಕಿ. ನೀ ಬರೀ. ಬರದದ್ದಾದ್ರ ಓದ್ತಾಳ. ಕಂಡಷ್ಟ ಬರಿ, ನನ್ನ ಕಡೆ ವಾಲಬ್ಯಾಡ." ಆಮೇಲೆ ಹೇಳಿದಳು, "ನಾ ಆವತ್ತ ಕೈ ಬಿಟ್ಟಿದ್ರ ನಾನೂ ಇಳೀತಿದ್ನೆಪ. ಮಾಸ್ತರನ್ನ ಹಿಡದಿದ್ದಕ್ಕ ನಾ ಮ್ಯಾಲ ಉಳದೆ."

ಕೊನೆಯ ಮಾತು ನಾನು ಕಂಡದ್ದಲ್ಲ, ಕೇಳಿದ್ದು. ಆ ದಿನ ಹಗೇವಿನ ಬಾಯಿಯ ಹತ್ತಿರ ನಡೆದದ್ದೆಲ್ಲ ಕಂಡದ್ದು.

ತಂಗಿ ಹೇಳಿದ್ದರಲ್ಲೂ ನ್ಯಾಯವಿದೆ. ಚಿಗವ್ವನ ಕೈಯ ಊಟ ಉಣ್ಣುವ ನನ್ನ ಮಾತನ್ನೊಂದನ್ನೇ ಆಕೆ ನಂಬಬೇಕಿಲ್ಲ. ಹಗೇವಿನ ಬಾಯಿಯ ಹತ್ತಿರ ನಿಂತು ನೋಡಿದ ಬೇರೆಯವರೂ ಇದ್ದಾರೆ. ಮಾಸ್ತರರು ಸಿಂದಗಿ ಬಿಟ್ಟು ಹೊಸ ಕೊಲ್ಹಾರದಲ್ಲಿ ಮಗನ ಮನೆಯಲ್ಲಿದ್ದಾರೆ. ಕಿವಿ ಮಂದವಾಗಿದೆ, ಎಡಗಿವಿಗೆ ಜೋರಾಗಿ ಹೇಳಿದರೆ ಕೇಳುತ್ತದೆ. ಕಂದೀಲು ಇಳಿಸಿದ ರೈತ ಅದೇ ಊರಿನಲ್ಲಿ ಅದೇ ಮನೆಯಲ್ಲಿದ್ದಾನೆ. ನೀರು ಸುರಿದ ಅವನ ಹೆಂಡತಿ ಇದ್ದಾಳೆ, ಚಿಗವ್ವನ ಹಳೆಯ ಚೇಷ್ಟೆಯ ಮಾತಿಗೆ ಮಾಳಿಗೆಯ ಮೇಲೆ ನಕ್ಕವಳೂ ಅವಳೇ. ಇನ್ನೊಬ್ಬಳು ಚಿಗವ್ವ. ಬಾಗೇವಾಡಿಯಲ್ಲಿ ನನ್ನ ಮನೆಯಲ್ಲಿದ್ದಾಳೆ. ಇನ್ನೂ ಬದುಕಿದ್ದಾಳೆ.